ಮುದಿ ಹೇಂಟೆಗೆ ಮೆಕ್ಸಿಕೋದಲ್ಲಿ ಮರ್ಯಾದೆ

ಮೊಟ್ಟೆ ನಿಲ್ಲಿಸಿದ ಹೇಂಟೆಯನ್ನು ನೀವು ಏನು ಮಾಡುತ್ತೀರಿ? ವ್ಯಾಪಾರಿ ಕೇಳಿದ ಬೆಲೆಗೆ ಕೊಟ್ಟುಬಿಡುವವರೇ ಹೆಚ್ಚು. ಮನೆಯಲ್ಲೇ ಕೊಯ್ದರೆ ‘ಮಾಂಸ ಬರೀ ನಾರು’ ಎಂಬ ಗೊಣಗಾಟ ಕೇಳಬೇಕು. ಮೆಕ್ಸಿಕೋ ದೇಶದಲ್ಲಿ ಮಾತು ಬೇರೆ. ಸಾರಿಗೆ ಮುದಿ ಹೇಂಟೆಯೇ ಮೇಲು ಎನ್ನುವವರು ಅಲ್ಲಿ ಬಹಳ. ಎಳೆ ಕೋಳಿಯದು ‘ಕಾಲ್ದೊ ದೆ ಪೊಯ್ಯೊ’, ಹೇಂಟೆಯದು ‘ಕಾಲ್ದೊ ದೆ ಗಯೀನಾ’. ಕಾಲ್ದೊ ಎಂದರೆ ತಿಳಿಸಾರು. ಹೆಸರಿಗೆ ಸಾರು, ತರಕಾರಿ ಮಾಂಸ ತುಂಬಿ ಹೊಟ್ಟೆ ತುಂಬುವ ಊಟ.

ಕೋಳಿ ಆ ನೆಲದ್ದಲ್ಲ. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಒಯ್ದದ್ದು. ಕೊತ್ತಂಬರಿ, ಅಕ್ಕಿ, ನಿಂಬೆ ಕೂಡ ಹಾಗೆಯೇ ಹೋದವು. ಮುಸುಕಿನ ಜೋಳ, ಮೆಣಸಿನಕಾಯಿ, ಸೀಮೆಬದನೆ ಮಾತ್ರ ಅಲ್ಲಿಯವೇ. ಈ ಮೂರೂ ಇಂದು ನಿಮ್ಮ ಸಂತೆಯಲ್ಲಿವೆ.

ಕೊಯ್ಯುವ ಮೊದಲು ಹೇಂಟೆ ನಿಜವಾಗಿ ಮೊಟ್ಟೆ ನಿಲ್ಲಿಸಿದೆಯೇ ನೋಡಿ. ಕಾವಿಗೆ ಕೂತಿದ್ದರೆ ಅಥವಾ ಪುಕ್ಕ ಉದುರಿಸುತ್ತಿದ್ದರೆ ಕೆಲವು ವಾರಗಳ ವಿರಾಮ ಅಷ್ಟೆ. ಅವಸರಪಟ್ಟರೆ ಮುಂದಿನ ಮೊಟ್ಟೆಗಳು ಹೋದಂತೆ. ಬಾಲದ ಕೆಳಗೆ ಎರಡು ಸಣ್ಣ ಎಲುಬುಗಳ ನಡುವೆ ಬೆರಳಿಟ್ಟು ನೋಡಿ. ಎರಡು ಮೂರು ಬೆರಳು ಹಿಡಿದರೆ ಇನ್ನೂ ಇಡುತ್ತಿದೆ. ಒಂದೇ ಬೆರಳು ಹಿಡಿದು, ಗುದದ್ವಾರ ಒಣಗಿ, ಜುಟ್ಟು ಮುದುಡಿದ್ದರೆ ಸದ್ಯ ನಿಂತಿದೆ. ವಯಸ್ಸೂ ಆಗಿದ್ದರೆ ಸಾರಿಗೆ ಸರಿ. ರೋಗ ಬಿದ್ದ ಹಿಂಡಿನ ಕೋಳಿಯನ್ನು, ತಾನಾಗಿ ಸತ್ತದ್ದನ್ನು ಅಡುಗೆಗೆ ತರಲೇಬೇಡಿ.

ಒಂದೂವರೆ ಕಿಲೋ ಹೇಂಟೆಯನ್ನು ಎಲುಬು ಸಹಿತ ಎಂಟು ದೊಡ್ಡ ತುಂಡು ಮಾಡಿ. ನಾಲ್ಕು ಲೀಟರ್ ತಣ್ಣೀರಿನಲ್ಲಿಟ್ಟು ಒಲೆ ಹೊತ್ತಿಸಿ. ನೊರೆ ಬಂದಂತೆ ತೆಗೆದು ಚೆಲ್ಲಿ. ಆಮೇಲೆ ಇಡೀ ಈರುಳ್ಳಿ ಒಂದು, ಬೆಳ್ಳುಳ್ಳಿ ಆರು ಎಸಳು, ಹತ್ತು ಕಾಳುಮೆಣಸು, ಒಂದು ಹಿಡಿ ಕೊತ್ತಂಬರಿ ದಂಟು, ಉಪ್ಪು ಹಾಕಿ. ಇನ್ನು ಮೇಲೆ ಸಾರು ಕೊತಕೊತ ಕುದಿಯಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಸಾಕು. ಹೀಗೆ ಎರಡರಿಂದ ಮೂರು ಗಂಟೆ. ನೀವು ನಾರು ಎಂದು ಬೈಯುವುದೇ ಈ ಸಣ್ಣ ಉರಿಯಲ್ಲಿ ಕರಗಿ ಸಾರಿಗೆ ಮಂದ ಕೊಡುತ್ತದೆ. ಎಳೆ ಕೋಳಿಯಲ್ಲಿ ಆ ಸತ್ವ ಕಡಿಮೆ. ಮಸಾಲೆ ರುಬ್ಬುವ ಚಪಲ ಬಂದೀತು. ಒಂದು ಸಲ ತಡೆದುಕೊಳ್ಳಿ.

ಮಾಂಸ ಮೆತ್ತಗಾಗುತ್ತ ಬಂದಾಗ ತರಕಾರಿಯ ಸರದಿ. ಎಲ್ಲವೂ ದಪ್ಪ ಹೋಳುಗಳೇ. ಮೊದಲು ಎಳೆ ತೆನೆಗಳನ್ನು ದಿಂಡು ಸಹಿತ ಎರಡಂಗುಲದ ತುಂಡು ಮಾಡಿ ಹಾಕಿ. ಜೊತೆಗೆ ಕ್ಯಾರೆಟ್, ಆಲೂಗೆಡ್ಡೆ. ಹತ್ತು ನಿಮಿಷ ಬಿಟ್ಟು ಸೀಮೆಬದನೆ, ಕೊನೆಗೆ ಕೋಸಿನ ದೊಡ್ಡ ಹೋಳು. ನಾನು ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ಸುರಿದು ಕೋಸನ್ನು ಗಂಜಿ ಮಾಡಿದ್ದೆ. ಸೀಮೆಬದನೆ ಹೆರೆಯುವಾಗ ಅಂಟು ಕೈಗೆ ಹತ್ತುತ್ತದೆ, ಅಂಗೈಗೆ ಎಣ್ಣೆ ಸವರಿಕೊಳ್ಳಿ.

ತೆನೆ ಹಾಲುಗಾಳಿನದೇ ಆಗಬೇಕು. ಬಲಿತು ಒಣಗಿದ ಕಾಳನ್ನು ಮೆಕ್ಸಿಕೋದವರು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೊಳೆದು ‘ಪೊಸೋಲೆ’ ಎಂಬ ಬೇರೆಯೇ ಸಾರು ಮಾಡುತ್ತಾರೆ.

ಬಡಿಸುವಾಗ ಅಗಲ ಬಟ್ಟಲಿಗೆ ಮಾಂಸ ಒಂದು ತುಂಡು, ತೆನೆ ಒಂದು ತುಂಡು, ಮೇಲೆ ಬಿಸಿ ಸಾರು. ಹೆಚ್ಚಿದ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆ ಹೋಳು ಬೇರೆ ತಟ್ಟೆಯಲ್ಲಿರಲಿ. ಖಾರ ಹುಳಿ ಅವರವರ ಇಷ್ಟ. ಹಾಗಾಗಿ ಮಗುವಿಗೂ ಕಾಯಿಲೆಯವರಿಗೂ ಅದೇ ಪಾತ್ರೆಯಿಂದ ಬಡಿಸಬಹುದು. ಜೊತೆಗೆ ಅಲ್ಲಿ ಅನ್ನ, ಇಲ್ಲವೆ ‘ತೋರ್ತಿಯಾ’ ಎಂಬ ತೆಳು ಮುಸುಕಿನ ಜೋಳದ ರೊಟ್ಟಿ. ಪಲ್ಯ ಮಾಡಿದ್ದರೆ ನಾಲ್ವರಿಗೆ ಸಾಲುತ್ತಿದ್ದ ಹೇಂಟೆ ಹೀಗೆ ಎಂಟು ಜನರಿಗೆ ಒದಗುತ್ತದೆ. ಮಿಕ್ಕರೆ ರಾತ್ರಿಗೆ ಮತ್ತೆ ಚೆನ್ನಾಗಿ ಕುದಿಸಿ ಮುಗಿಸಿಬಿಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಮರುದಿನಕ್ಕೆ ಇಡಬೇಡಿ.