ಮಂಡಿನೋವಿಗೂ ಬೊಜ್ಜಿಗೂ ಏನು ನಂಟು?

ಕುಂಸಿ ನಿಲ್ದಾಣದಲ್ಲಿ ತಾಳಗುಪ್ಪದ ಕಡೆ ಹೋಗುವ ರೈಲು ಬಂದಾಗ, ಬಾಗಿಲ ಕಂಬಿ ಹಿಡಿದು "ಅಯ್ಯೋ, ನನ್ನ ಮಂಡಿ!" ಎನ್ನುವ ಅಜ್ಜಿಯರನ್ನು ನೀವು ನೋಡಿರಬಹುದು. "ವಯಸ್ಸಾಯ್ತಲ್ಲ" ಎಂದು ಎಲ್ಲರೂ ಅಲ್ಲಿಗೇ ಮಾತು ಮುಗಿಸುತ್ತಾರೆ. ವಯಸ್ಸು ಒಂದು ಕಾರಣ, ನಿಜ. ಇನ್ನೊಂದು ಕಾರಣ ಸೊಂಟದ ಸುತ್ತ ಸದ್ದಿಲ್ಲದೆ ಸೇರಿಕೊಂಡಿರುತ್ತದೆ: ಬೊಜ್ಜು.

ಮಕ್ಕಳೇ, ಒಂದು ಲೆಕ್ಕ ಹಾಕೋಣ. ನಡೆಯುವಾಗ ಮಂಡಿಯ ಮೇಲೆ ಮೈತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಮಂಡಿ ಸವೆದ ಹಿರಿಯರನ್ನು ನಡೆಸಿ ನೋಡಿದ ಅಮೆರಿಕದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. 1 ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ ಎಂದು ಅದು ತೋರಿಸಿತು. ಅಜ್ಜಿ 5 ಕಿಲೋ ಇಳಿದರೆ? ಹೆಜ್ಜೆಗೆ 20 ಕಿಲೋ! ಅಂಗಡಿಗೆ ಹೋಗಿ ಬರಲು ಸಾವಿರ ಹೆಜ್ಜೆ ಎಂದಿಟ್ಟುಕೊಳ್ಳಿ. ಮುಂದಿನ ಗುಣಾಕಾರ ನಿಮಗೇ ಬಿಟ್ಟಿದ್ದು.

ಭಾರ ಒಂದೇ ಕಾರಣವಾಗಿದ್ದರೆ ಕೈಬೆರಳಿನ ಗೆಣ್ಣುಗಳು ಯಾಕೆ ಊದಿಕೊಳ್ಳಬೇಕು? ನಾವೇನು ಕೈ ಊರಿ ನಡೆಯುತ್ತೇವೆಯೇ? ಬೊಜ್ಜು ಇರುವವರಲ್ಲಿ ಬೆರಳಿನ ಕೀಲುಸವೆತವೂ ಹೆಚ್ಚು ಎಂಬುದು ವೈದ್ಯರನ್ನು ಯೋಚನೆಗೆ ಹಚ್ಚಿತು. ಕೊಬ್ಬು ಸುಮ್ಮನೆ ಬಿದ್ದಿರುವ ಮೂಟೆಯಲ್ಲ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಸೇರಿದಂತೆ ಹಲವು ರಾಸಾಯನಿಕಗಳನ್ನು ಅದು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇವು ಅತಿಯಾದರೆ ಕೀಲುಗಳಲ್ಲಿ ಸಣ್ಣಗೆ ಉರಿಯೂತ ಶುರುವಾಗಿ, ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಬೇಗ ಸವೆಯುತ್ತದೆ.

ಹಾಗೆಂದು ಪ್ರತಿ ಕೀಲುನೋವಿಗೂ ಬೊಜ್ಜನ್ನೇ ದೂರಬೇಡಿ. ವರ್ಷಗಟ್ಟಲೆ ಅಡಿಕೆ ಸುಲಿದ ಬೆರಳುಗಳು ದುಡಿಮೆಯಿಂದಲೂ ಸವೆದಿರಬಹುದು. ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದ ಹಂದಿಗೋಡು ಕಾಯಿಲೆ ಮನೆತನದಲ್ಲಿ ಹರಿದುಬರುವ ಕೀಲುರೋಗ. ಅದಕ್ಕೂ ಬೊಜ್ಜಿಗೂ ಸಂಬಂಧವಿಲ್ಲ. ಕೀಲು ಕೆಂಪಾಗಿ, ಬಿಸಿಯಾಗಿ ಊದಿದರೆ, ಜೊತೆಗೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ನೋವೆಂದು ದಿನವಿಡೀ ಕೂತೇ ಇರುವುದು ಎಲ್ಲಕ್ಕಿಂತ ಕೆಟ್ಟದ್ದು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಡೆದಾಡುವಾಗ ಅದು ಸ್ಪಂಜಿನಂತೆ ಒತ್ತಿ, ಉಬ್ಬಿ, ಕೀಲಿನೊಳಗಿನ ದ್ರವದಿಂದ ಆಹಾರ ಹೀರಿಕೊಳ್ಳುತ್ತದೆ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ, ನೋವು ಮತ್ತಷ್ಟು ಹೆಚ್ಚುತ್ತದೆ.

ಅಜ್ಜ-ಅಜ್ಜಿಯರೇ, ಉಪವಾಸ ಬೀಳಬೇಕಿಲ್ಲ. ಕಾಫಿಯ ಸಕ್ಕರೆ, ಸಂಜೆಯ ಬೋಂಡಾ ಕಡಿಮೆ ಮಾಡುವುದರಿಂದ ಶುರುಮಾಡಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸಿ ಇಳಿಸಿ, ಆಮೇಲೆ ಇನ್ನೊಂದು. ಹೀಗೆ ಹತ್ತು ಸಲ. ಎಣಿಸುವ ಕೆಲಸ ಮೊಮ್ಮಕ್ಕಳದು, ಮಧ್ಯೆ ಒಂದು ಅಂಕೆ ಹಾರಿಸಿದರೂ ಅವರು ಬಿಡುವುದಿಲ್ಲ!