‘ಫಿಂಗರ್ಸ್ ಕ್ರಾಸ್ಡ್’ ಎಂಬ ನುಡಿಗಟ್ಟೂ ಕನ್ನಡದ ಹಾರೈಕೆಯೂ

ಇಂಗ್ಲಿಷಿನ ಆಡುನುಡಿಯಲ್ಲಿ ‘ಫಿಂಗರ್ಸ್ ಕ್ರಾಸ್ಡ್’ ಎಂಬ ನುಡಿಗಟ್ಟು ಬಹುವಾಗಿ ಬಳಕೆಯಲ್ಲಿದೆ. ತೋರುಬೆರಳಿನ ಮೇಲೆ ನಡುಬೆರಳನ್ನು ಅಡ್ಡಹಾಯಿಸಿ ಹಿಡಿಯುವ ಕೈಸನ್ನೆಯೇ ಇದರ ಮೂಲ. ಫಲವು ತನ್ನ ಅಧೀನದಲ್ಲಿಲ್ಲದ ಕಾರ್ಯವೊಂದು ಕೈಗೂಡಲಿ ಎಂಬ ಹಾರೈಕೆಯೇ ಇದರ ಲಕ್ಷ್ಯಾರ್ಥ. ಈ ಸನ್ನೆಯು ಕ್ರೈಸ್ತರ ಶಿಲುಬೆಯಿಂದ ಬಂದಿತೆಂದು ಹೇಳುವುದುಂಟು. ಅದಕ್ಕೆ ಖಚಿತವಾದ ಆಧಾರ ದೊರೆತಿಲ್ಲ. ಜರ್ಮನರು ಇಂಥ ಸಂದರ್ಭದಲ್ಲಿ ಹೆಬ್ಬೆರಳನ್ನು ಒತ್ತಿಹಿಡಿಯುವ ಮಾತನ್ನಾಡುತ್ತಾರೆ.

ಈ ನುಡಿಗಟ್ಟಿನಲ್ಲಿ ಆಶೆಯೊಡನೆ ಶಂಕೆಯೂ ಬೆರೆತಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಿಶ್ಚಿತವಾದ ಸಂಗತಿಗೆ ಇದು ಸಲ್ಲದು. ಗೆಳೆಯರ ಪತ್ರದಲ್ಲಿ ಒಪ್ಪುವ ಈ ಮಾತು ಅರ್ಜಿಯಲ್ಲಿ ಒಪ್ಪದು. ಬೆನ್ನ ಹಿಂದೆ ಬೆರಳು ಹೆಣೆದರೆ ಅರ್ಥವೇ ಬೇರೆ: ಆಡಿದ ಮಾತಿಗೆ ತಾನು ಬದ್ಧನಲ್ಲವೆಂಬ ಗುಟ್ಟಿನ ಸೂಚನೆ ಅದು.

ಕನ್ನಡವು ಈ ಆಶೆ-ಶಂಕೆಗಳನ್ನು ಕ್ರಿಯಾಪದದಲ್ಲಿಯೇ ಅಡಗಿಸುತ್ತದೆ. ‘ಮಳೆ ಬರಲಿ’ ಎಂಬುದು ಹಾರೈಕೆ. ‘ಮಳೆ ಬಂದೀತು’ ಎಂಬುದು ಸಂಭಾವನೆ. ಹಳಗನ್ನಡದ ‘ಬಾಳ್ಗೆ’, ‘ಗೆಲ್ಗೆ’ ಎಂಬ ರೂಪಗಳೂ ಹಾರೈಕೆಯವೇ. ಕಲಘಟಗಿ ತಾಲೂಕಿನ ತಂಬೂರದಂಥ ಊರುಗಳ ಸೀಮೆಯಲ್ಲಿ ಮಳೆಯನ್ನೇ ನಂಬಿ ಕೂರಿಗೆಯಿಂದ ಭತ್ತ ಬಿತ್ತುವ ರೂಢಿಯುಂಟು. ಬಿತ್ತಿದ ಒಕ್ಕಲಿಗನು ‘ಈ ಸಲ ಮಳಿ ಕೈ ಹಿಡದೀತು’ ಎಂದಾಗ ಆಶೆಯೂ ಅಳುಕೂ ಒಂದೇ ಪದದಲ್ಲಿ ಕೂಡಿರುತ್ತವೆ. ಇಲ್ಲಿಯೂ ಕೈಯೇ ಬಂದಿರುವುದು ಸ್ವಾರಸ್ಯಕರ; ಆದರೆ ಆ ಕೈ ಮಳೆಯದು, ಹಾರೈಸುವವನದಲ್ಲ. ಅದೇ ಮಳೆ ತಪ್ಪಿದರೆ ‘ಕೈ ಕೊಟ್ಟಿತು’ ಎನ್ನುತ್ತೇವೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುದನ್ನು ನೆನೆದರೆ ಆ ಅಳುಕಿನ ತೂಕ ತಿಳಿಯುತ್ತದೆ.

‘ನಿನ್ನ ಬಾಯಿಗೆ ಸಕ್ಕರೆ ಬೀಳಲಿ’ ಎಂಬ ಮಾತು ಇದಕ್ಕೆ ಹತ್ತಿರದ್ದಾದರೂ ಸಮಾನವಲ್ಲ. ಮತ್ತೊಬ್ಬರು ನುಡಿದ ಶುಭಕ್ಕೆ ಕೊಡುವ ಉತ್ತರವದು. ಇಂಗ್ಲಿಷಿನ ನುಡಿಗಟ್ಟನ್ನಾದರೋ ಆಶೆಯುಳ್ಳವನು ತಾನಾಗಿಯೇ ಆಡಬಹುದು.

ಆದುದರಿಂದ ಭಾಷಾಂತರಕಾರನು ‘ಬೆರಳು ಹೆಣೆದಿದ್ದೇನೆ’ ಎಂದು ಬರೆದರೆ ಓದುಗನಿಗೆ ಬೆರಳು ಕಂಡೀತು, ಭಾವ ಕಾಣದು. ಮಾತು ತನ್ನ ಕುರಿತಾದರೆ ‘ಒಳ್ಳೆಯದಾದೀತೆಂದು ಕಾದಿದ್ದೇನೆ’ ಎಂದೂ, ಇತರರ ಕುರಿತಾದರೆ ‘ನಿಮಗೆ ಗೆಲುವಾಗಲಿ’ ಎಂದೂ ಬರೆಯುವುದು ಯುಕ್ತ. ಅಧ್ಯಾಪಕರು ಈ ಎರಡು ಕ್ರಿಯಾರೂಪಗಳನ್ನು ಜೊತೆಗಿಟ್ಟು ಬೋಧಿಸಿದರೆ ಇಂಗ್ಲಿಷಿನ ನುಡಿಗಟ್ಟೂ ತಿಳಿದೀತು, ಕನ್ನಡ ವ್ಯಾಕರಣದ ಶಕ್ತಿಯೂ ಮನದಟ್ಟಾದೀತು.