ಊರು ಕಳೆದುಕೊಂಡ ಗಣಿ ಕಾರ್ಮಿಕರ ತಂಡ ಇನ್ನೂ ಯಾಕೆ ಆಡುತ್ತಿದೆ?

2024ರ ಡಿಸೆಂಬರ್ 10. ಚಾಂಪಿಯನ್ಸ್ ಲೀಗ್‌ನಲ್ಲಿ ಉಕ್ರೇನಿನ ಶಾಖ್ತಾರ್ ಡೊನೆಟ್ಸ್ಕ್ ತಂಡಕ್ಕೂ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೂ ಪಂದ್ಯ. ಶುರುವಿನಲ್ಲೇ ಶಾಖ್ತಾರ್ ಒಂದು ಗೋಲು ಹೊಡೆಯಿತು, ಆಮೇಲೆ ಬಯರ್ನ್ ಐದು ಹೊಡೆಯಿತು. ಅದರಲ್ಲೇನೂ ವಿಶೇಷ ಇಲ್ಲ. ನನ್ನ ತಲೆಗೆ ಹುಳ ಬಿಟ್ಟಿದ್ದು ಬೇರೆ ವಿಷಯ. ಲೆಕ್ಕದ ಪ್ರಕಾರ ಅದು ಶಾಖ್ತಾರ್‌ನ 'ಹೋಮ್' ಪಂದ್ಯ. ಆದರೆ ನಡೆದದ್ದು ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ, ಅಂದರೆ ಎದುರಾಳಿಯ ದೇಶದಲ್ಲಿ. ಡೊನೆಟ್ಸ್ಕ್‌ನಿಂದ ಅಲ್ಲಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

ಈ ತಂಡ ತನ್ನೂರಲ್ಲಿ ಕೊನೇ ಸಲ ಆಡಿದ್ದು 2014ರ ಮೇ ತಿಂಗಳಲ್ಲಿ. ಇದನ್ನ ಬರೀ 'ಯುದ್ಧದಿಂದ ಸಂಕಷ್ಟಕ್ಕೆ ಸಿಕ್ಕ ಕ್ಲಬ್' ಅಂತ ಓದಿಬಿಟ್ಟರೆ ಅರ್ಧ ಕತೆ ಮಾತ್ರ ಸಿಗುತ್ತೆ. ಸ್ವಲ್ಪ ಹಿಂದಕ್ಕೆ ಹೋಗೋಣ.

ಡೊನೆಟ್ಸ್ಕ್ ಹುಟ್ಟಿದ್ದೇ ಕಲ್ಲಿದ್ದಲಿಗಾಗಿ. 1869ರ ಸುಮಾರಿಗೆ ಜಾನ್ ಹ್ಯೂಸ್ ಅನ್ನೋ ವೇಲ್ಸ್ ಮೂಲದ ಉದ್ಯಮಿ ಅಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿದ. ಅವನ ಹೆಸರಿನಿಂದಲೇ ಊರಿಗೆ ಯುಜೊವ್ಕಾ ಅಂತ ಹೆಸರು ಬಂತು. ಸೋವಿಯತ್ ಕಾಲದಲ್ಲಿ ಅದು ಸ್ತಾಲಿನೋ ಆಯ್ತು, 1961ರಲ್ಲಿ ಡೊನೆಟ್ಸ್ಕ್ ಆಯ್ತು. ಊರಿನ ಹೆಸರು ಬದಲಾದ ಹಾಗೆ ಕ್ಲಬ್ಬಿನದ್ದೂ ಬದಲಾಗಿದೆ. 1936ರಲ್ಲಿ ಶುರುವಾದಾಗ ಅದರ ಹೆಸರು ಸ್ತಖಾನೊವೆಟ್ಸ್. ಅಲೆಕ್ಸೆಯ್ ಸ್ತಖಾನೊವ್ ಅನ್ನೋ ಗಣಿ ಕಾರ್ಮಿಕನ ಹೆಸರು ಅದು. 1935ರ ಆಗಸ್ಟ್‌ನ ಒಂದು ರಾತ್ರಿ ಪಾಳಿಯಲ್ಲಿ ಅವನು 102 ಟನ್ ಕಲ್ಲಿದ್ದಲು ತೆಗೆದ ಅಂತ ಸರ್ಕಾರ ಡಂಗುರ ಸಾರಿತು. ಆಗಿನ ನಿಗದಿ 7 ಟನ್.

ನಾನು ಇಂಜಿನಿಯರಿಂಗ್ ಓದಿದವನು, ಹದಿನಾಲ್ಕು ಪಟ್ಟು ಅಂದ ತಕ್ಷಣ ಅನುಮಾನ ಬರುತ್ತೆ. ಉತ್ತರ ಸರಳ. ಮಾಮೂಲಿಯಾಗಿ ಒಬ್ಬ ಕಾರ್ಮಿಕ ಕಲ್ಲಿದ್ದಲನ್ನೂ ಕಡಿಯಬೇಕು, ಮೇಲ್ಛಾವಣಿ ಕುಸಿಯದ ಹಾಗೆ ಮರದ ಆಧಾರಗಳನ್ನೂ ನಿಲ್ಲಿಸಬೇಕು. ಸ್ತಖಾನೊವ್ ಬರೀ ಕಡಿದ, ಆಧಾರ ಕೊಡೋಕೆ ಹಿಂದೆ ಬೇರೆಯವರಿದ್ದರು. ದಾಖಲೆ ಮಾತ್ರ ಒಬ್ಬನ ಹೆಸರಿಗೆ ಬಂತು. ಆಮೇಲೆ ಅದೇ ಅಳತೆಗೋಲು ಹಿಡಿದು ಉಳಿದ ಕಾರ್ಮಿಕರ ನಿಗದಿಯನ್ನೂ ಏರಿಸಿದರು. ಇಂಥಾ ಪ್ರಚಾರದ ಹೆಸರಿನಲ್ಲಿ ಹುಟ್ಟಿದ ತಂಡಕ್ಕೆ 1946ರಲ್ಲಿ 'ಗಣಿ ಕಾರ್ಮಿಕ' ಅನ್ನೋ ಹೆಸರು ಬಂತು. ರಷ್ಯನ್‌ನಲ್ಲಿ ಶಾಖ್ತ್ಯೊರ್, ಉಕ್ರೇನಿಯನ್‌ನಲ್ಲಿ ಶಾಖ್ತಾರ್.

ಸೋವಿಯತ್ ಲೀಗನ್ನ ಈ ತಂಡ ಒಮ್ಮೆಯೂ ಗೆಲ್ಲಲಿಲ್ಲ. ಸೋವಿಯತ್ ಕಪ್ ಮಾತ್ರ ನಾಲ್ಕು ಸಲ ಗೆದ್ದಿತು: 1961, 1962, 1980, 1983. ಉಕ್ರೇನಿನ ದೊಡ್ಡ ತಂಡ ಅಂದರೆ ರಾಜಧಾನಿಯ ಡೈನಮೋ ಕೀವ್. ಶಾಖ್ತಾರ್ ಪೂರ್ವದ ಮಸಿ ಮೆತ್ತಿದ ಊರಿನ ತಂಡ, ಅಷ್ಟೇ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಡೊನೆಟ್ಸ್ಕ್‌ನಲ್ಲಿ ಗಣಿ, ಉಕ್ಕಿನ ಕಾರ್ಖಾನೆಗಳು ಯಾರ ಕೈಗೆ ಅನ್ನೋ ಕಿತ್ತಾಟ ಬೀದಿಗೆ ಬಂತು. 1995ರ ಅಕ್ಟೋಬರ್ 15ರಂದು ಕ್ಲಬ್ಬಿನ ಅಧ್ಯಕ್ಷ ಅಖಾತ್ ಬ್ರಾಗಿನ್ ಪಂದ್ಯ ನೋಡೋಕೆ ಬಂದಾಗ ಕ್ರೀಡಾಂಗಣದಲ್ಲೇ ಬಾಂಬ್ ಸ್ಫೋಟಿಸಿ ಅವರನ್ನ ಕೊಂದರು. ಮರುವರ್ಷ ಅಧ್ಯಕ್ಷರಾದವರು ರಿನಾತ್ ಅಖ್ಮೆತೊವ್. ಮುಂದೆ ಉಕ್ರೇನಿನ ಅತಿ ಶ್ರೀಮಂತ ಅನ್ನಿಸಿಕೊಂಡ ಇವರ ಕೈಯಲ್ಲಿ ಕಲ್ಲಿದ್ದಲು, ಉಕ್ಕು, ವಿದ್ಯುತ್ ಎಲ್ಲ ಇತ್ತು. 2006ರಿಂದ 2012ರವರೆಗೆ ಯಾನುಕೊವಿಚ್ ಅವರ ಪಾರ್ಟಿ ಆಫ್ ರೀಜನ್ಸ್‌ನಿಂದ ಸಂಸದರೂ ಆಗಿದ್ದರು. ರಷ್ಯಾ ಕಡೆ ವಾಲಿದ್ದ ಪಕ್ಷ ಅದು. ಈ ಭಾಗವನ್ನ ಶಾಖ್ತಾರ್ ಕುರಿತ ಭಾವುಕ ಲೇಖನಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ.

ದುಡ್ಡು ಕೆಲಸ ಮಾಡಿತು. 2002ರಲ್ಲಿ ಮೊದಲ ಲೀಗ್ ಪ್ರಶಸ್ತಿ. 2004ರಲ್ಲಿ ರೊಮೇನಿಯಾದ ಮಿರ್ಚಾ ಲುಚೆಸ್ಕು ಕೋಚ್ ಆಗಿ ಬಂದರು, ಹನ್ನೆರಡು ವರ್ಷ ಇದ್ದರು. ಅವರ ಸೂತ್ರ: ಡಿಫೆನ್ಸ್‌ಗೆ ಪೂರ್ವ ಯುರೋಪಿನವರು, ಮುಂದೆ ಎಳೆ ವಯಸ್ಸಿನ ಬ್ರೆಜಿಲಿಯನ್ನರು. ಕಮ್ಮಿಗೆ ಕೊಂಡು, ಬೆಳೆಸಿ, ಜಾಸ್ತಿಗೆ ಮಾರೋದು. ಫರ್ನಾಂಡಿನ್ಯೊ, ವಿಲಿಯನ್, ಡಗ್ಲಸ್ ಕೋಸ್ಟಾ, ಫ್ರೆಡ್ ಎಲ್ಲ ಇದೇ ದಾರಿಯಲ್ಲಿ ಹಾದುಹೋದವರು. 2009ರ ಮೇ 20ರಂದು ಇಸ್ತಾಂಬುಲ್‌ನಲ್ಲಿ ವೆರ್ಡರ್ ಬ್ರೆಮೆನ್ ವಿರುದ್ಧ 2-1ರಿಂದ ಯುಎಫಾ ಕಪ್ ಗೆದ್ದರು. ಎರಡೂ ಗೋಲು ಬ್ರೆಜಿಲಿಯನ್ನರದ್ದೇ. ಅದೇ ಆಗಸ್ಟ್‌ನಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಕೂರುವ ಡೊನ್‌ಬಾಸ್ ಅರೇನಾ ತೆರೆಯಿತು. 2012ರ ಯೂರೋ ಕಪ್‌ನಲ್ಲಿ ಸ್ಪೇನ್–ಪೋರ್ಚುಗಲ್ ಸೆಮಿಫೈನಲ್ ನಡೆದದ್ದು ಅಲ್ಲೇ.

ಎರಡೇ ವರ್ಷದಲ್ಲಿ ಎಲ್ಲ ಮಗುಚಿಬಿತ್ತು. 2014ರಲ್ಲಿ ರಷ್ಯಾ ಕ್ರೈಮಿಯಾ ನುಂಗಿತು, ಡೊನೆಟ್ಸ್ಕ್ ರಷ್ಯಾ ಬೆಂಬಲಿತ ಪ್ರತ್ಯೇಕತಾವಾದಿಗಳ ವಶವಾಯಿತು. ಇಲ್ಲೊಂದು ವಿಷಯ ಗಮನಿಸಿ. 'ಪೂರ್ವದ ಜನ ರಷ್ಯನ್ ಮಾತಾಡ್ತಾರೆ, ಆದ್ದರಿಂದ ಅವರು ರಷ್ಯಾ ಪರ' ಅನ್ನೋ ಸಲೀಸು ವಾದ ನಮ್ಮಲ್ಲೂ ತುಂಬಾ ಓಡಾಡುತ್ತೆ. ಆ ವಸಂತದಲ್ಲಿ ಡೊನೆಟ್ಸ್ಕ್ ಬೀದಿಗಳಲ್ಲಿ 'ಉಕ್ರೇನ್ ಒಂದೇ' ಅಂತ ಮೆರವಣಿಗೆ ಮಾಡಿದವರಲ್ಲಿ ಶಾಖ್ತಾರ್‌ನ ಅಲ್ಟ್ರಾಗಳು, ಅಂದರೆ ಕಟ್ಟಾ ಅಭಿಮಾನಿಗಳೂ ಇದ್ದರು. ಭಾಷೆ ಒಂದು ಕಡೆ, ನಿಷ್ಠೆ ಇನ್ನೊಂದು ಕಡೆ ಇರಬಹುದು ಅನ್ನೋದು ಕನ್ನಡ, ಕೊಂಕಣಿ, ತುಳು, ಉರ್ದು ಎಲ್ಲ ಕೇಳಿ ಬೆಳೆದ ನಮಗೆ ಯಾರಾದರೂ ಹೇಳಿಕೊಡಬೇಕಾ?

ಆ ಜುಲೈನಲ್ಲಿ ಫ್ರಾನ್ಸ್‌ನಲ್ಲಿ ಸೌಹಾರ್ದ ಪಂದ್ಯ ಆಡಿದ ಮೇಲೆ ಆರು ದಕ್ಷಿಣ ಅಮೆರಿಕನ್ ಆಟಗಾರರು ವಾಪಸ್ ವಿಮಾನ ಹತ್ತಲಿಲ್ಲ. ಆಗಸ್ಟ್‌ನಲ್ಲಿ ಶೆಲ್ ಬಿದ್ದು ಅರೇನಾಕ್ಕೆ ಹಾನಿಯಾಯಿತು. ಮುಂದೆ ಆ ಕಟ್ಟಡ ಅಖ್ಮೆತೊವ್ ಅವರ ಪ್ರತಿಷ್ಠಾನದ ರೇಷನ್ ಹಂಚುವ ಕೇಂದ್ರ ಆಯ್ತು, 2017ರಲ್ಲಿ ಪ್ರತ್ಯೇಕತಾವಾದಿಗಳು ಅದನ್ನೂ ಕಿತ್ತುಕೊಂಡರು.

ಕ್ಲಬ್ ಕೀವ್‌ಗೆ ಬಂತು. ಪಂದ್ಯಗಳು ಮಾತ್ರ ದೇಶದ ಇನ್ನೊಂದು ತುದಿಯ ಲ್ವಿವ್‌ನಲ್ಲಿ. ಅಲ್ಲಿನವರಿಗೆ ಇದು ಯಾವತ್ತೂ 'ನಮ್ಮ ತಂಡ' ಆಗಲಿಲ್ಲ, ಗ್ಯಾಲರಿ ಖಾಲಿ ಹೊಡೀತಿತ್ತು. 2017ರಿಂದ 2020ರವರೆಗೆ ಖಾರ್ಕಿವ್, ಆಮೇಲೆ ಕೀವ್. (2022ರಲ್ಲಿ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಂಡಿದ್ದರಲ್ಲ, ಅದೇ ಖಾರ್ಕಿವ್.) ಇಷ್ಟೆಲ್ಲ ಅಲೆದಾಟದಲ್ಲೂ 2017ರಿಂದ ಸತತ ನಾಲ್ಕು ಸಲ ಲೀಗ್ ಗೆದ್ದರು. 2020ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನ ಒಂದೇ ಸೀಸನ್‌ನಲ್ಲಿ ಎರಡು ಸಲ ಸೋಲಿಸಿದರು.

2022ರ ಫೆಬ್ರವರಿ 24ರಂದು ರಷ್ಯಾ ಪೂರ್ಣ ಪ್ರಮಾಣದಲ್ಲಿ ನುಗ್ಗಿತು. ಬ್ರೆಜಿಲಿಯನ್ ಆಟಗಾರರು ಹೆಂಡತಿ ಮಕ್ಕಳ ಜೊತೆ ಕೀವ್‌ನ ಹೋಟೆಲೊಂದರಲ್ಲಿ ಸೇರಿಕೊಂಡು, ನಮ್ಮನ್ನ ಕರೆಸಿಕೊಳ್ಳಿ ಅಂತ ತಮ್ಮ ಸರ್ಕಾರಕ್ಕೆ ವಿಡಿಯೋದಲ್ಲಿ ಬೇಡಿಕೊಂಡರು. ಫಿಫಾ ಒಂದು ನಿಯಮ ತಂದಿತು: ಉಕ್ರೇನಿನ ಕ್ಲಬ್‌ಗಳ ವಿದೇಶಿ ಆಟಗಾರರು ಒಪ್ಪಂದವನ್ನ ತಾತ್ಕಾಲಿಕವಾಗಿ ನಿಲ್ಲಿಸಿ ಬೇರೆ ಕಡೆ ಆಡಬಹುದು. ಮಾನವೀಯತೆ ದೃಷ್ಟಿಯಿಂದ ಸರಿಯೇ. ಆದರೆ ಮಾರಿದ್ದರೆ ಬರ್ತಿದ್ದ ಹಣ ಕ್ಲಬ್‌ಗೆ ಕೈತಪ್ಪಿತು. ಸುಮಾರು 4 ಕೋಟಿ ಯೂರೋ ನಷ್ಟ ಅಂತ ಶಾಖ್ತಾರ್ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು, 2023ರ ಜನವರಿಯಲ್ಲಿ ಸೋತಿತು. ಯುದ್ಧದ ಖರ್ಚನ್ನ ದಾಳಿಗೆ ಒಳಗಾದವರ ಲೆಕ್ಕಕ್ಕೇ ಬರೆದ ಹಾಗಾಯ್ತು ಅಂತ ನನ್ನ ಅಭಿಪ್ರಾಯ.

ಅದೇ ತಿಂಗಳು ಮಿಖಾಯ್ಲೊ ಮುದ್ರಿಕ್ 7 ಕೋಟಿ ಯೂರೋಗೆ (ಬೋನಸ್ ಬೇರೆ) ಚೆಲ್ಸಿಗೆ ಹೋದ. ಅದರಲ್ಲಿ 2.5 ಕೋಟಿ ಡಾಲರನ್ನ ಮರಿಯುಪೋಲ್ ಕಾಪಾಡಿದ ಸೈನಿಕರಿಗೆ ಮತ್ತು ಸತ್ತವರ ಕುಟುಂಬಗಳಿಗೆ ಕೊಡ್ತೀನಿ ಅಂತ ಅಖ್ಮೆತೊವ್ ಘೋಷಿಸಿದರು. ಆ ಸೈನಿಕರು ಕೊನೇವರೆಗೆ ಕಾದಾಡಿದ ಅಜೋವ್‌ಸ್ತಾಲ್ ಉಕ್ಕಿನ ಕಾರ್ಖಾನೆ ಅವರ ಕಂಪನಿಯದ್ದೇ. ಹಿಂದೆ ಯಾನುಕೊವಿಚ್ ಪಕ್ಷದಲ್ಲಿದ್ದ ಮನುಷ್ಯ, ಈಗ ರಷ್ಯಾ ವಿರುದ್ಧ ಹೋರಾಡಿದವರಿಗೆ ದುಡ್ಡು ಕೊಡುತ್ತಿದ್ದಾರೆ. ಇದನ್ನ ದೇಶಪ್ರೇಮ ಅನ್ನಿ, ಆಸ್ತಿ ಹೋದ ಸಿಟ್ಟು ಅನ್ನಿ. ಎರಡೂ ಒಟ್ಟಿಗೇ ಇರಬಾರದು ಅಂತೇನಿಲ್ಲ.

ಹಾಗಾದ್ರೆ ಶಾಖ್ತಾರ್ ಉಳಿದದ್ದು ಛಲದಿಂದಾನಾ? ಛಲ ಇದೆ, ಆದರೆ ಪಕ್ಕದವರನ್ನ ನೋಡಿ. ಅದೇ ಊರಿನ ಮೆಟಲುರ್ಹ್ ಡೊನೆಟ್ಸ್ಕ್ 2015ರಲ್ಲಿ ಬಾಗಿಲು ಹಾಕಿತು. 2022ರ ದಾಳಿಯ ನಂತರ ಎಫ್‌ಸಿ ಮರಿಯುಪೋಲ್, ಚೆರ್ನಿಹಿವ್‌ನ ದೆಸ್ನಾ ಲೀಗ್‌ನಿಂದಲೇ ಹೊರಬಿದ್ದವು. ಪರವೂರಲ್ಲಿ ಬದುಕೋಕೂ ಬಂಡವಾಳ ಬೇಕು. ಶಾಖ್ತಾರ್‌ಗೆ ಅಖ್ಮೆತೊವ್ ಇದ್ದರು, ಮಾರೋಕೆ ಆಟಗಾರರಿದ್ದರು, ಯುರೋಪಿನ ಟೂರ್ನಿಗಳ ಹಣ ಇತ್ತು.

ಉಕ್ರೇನ್ ಲೀಗ್ 2022ರ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು, ಪ್ರೇಕ್ಷಕರಿಲ್ಲದೆ. ಸೈರನ್ ಕೂಗಿದರೆ ಆಟ ನಿಲ್ಲಿಸಿ ಬಂಕರ್‌ಗೆ ಇಳಿಯಬೇಕು. ಲ್ವಿವ್‌ನಲ್ಲಿ ನಡೆದ ಒಂದು ಪಂದ್ಯ ಹೀಗೆ ನಾಲ್ಕು ಗಂಟೆಗೂ ಹೆಚ್ಚು ಎಳೆಯಿತು. ಯುರೋಪಿನ ಪಂದ್ಯಗಳಿಗೆ ಶಾಖ್ತಾರ್ ವಾರ್ಸಾಗೆ, ಮರುವರ್ಷ ಹ್ಯಾಂಬರ್ಗ್‌ಗೆ ಹೋಯಿತು. ಹ್ಯಾಂಬರ್ಗ್‌ನಲ್ಲಿ 2023ರ ನವೆಂಬರ್‌ನಲ್ಲಿ ಬಾರ್ಸಿಲೋನಾವನ್ನ 1-0ರಿಂದ ಮಣಿಸಿದರು. ಬ್ರೆಜಿಲಿಯನ್ನರು ಬಿಟ್ಟುಹೋದ ಜಾಗದಲ್ಲಿ ಉಕ್ರೇನಿನ ಹುಡುಗರಿದ್ದರು, ಗೋಲು ಹೊಡೆದವನೂ ಅವರಲ್ಲೊಬ್ಬ: ದನಿಲೋ ಸಿಕಾನ್. 2023 ಮತ್ತು 2024ರಲ್ಲಿ ಲೀಗ್ ಕೂಡ ಇವರದ್ದೇ. 2024ರವರೆಗಿನ ಒಟ್ಟು 15 ಪ್ರಶಸ್ತಿಗಳಲ್ಲಿ ಆರು, ಊರು ಬಿಟ್ಟ ಮೇಲೆ ಬಂದವು.

ಆದರೆ ಡೊನೆಟ್ಸ್ಕ್‌ನಲ್ಲೇ ಉಳಿದುಹೋದ ಅಭಿಮಾನಿಗಳು? ಅವರು ಪಂದ್ಯಕ್ಕೆ ಹೋಗೋ ಹಾಗಿಲ್ಲ. 2014ರಲ್ಲಿ ಅಲ್ಲಿ ಹುಟ್ಟಿದ ಮಗು ಈಗ ಶಾಲೆಗೆ ಹೋಗುತ್ತೆ, ತನ್ನೂರ ತಂಡ ತನ್ನೂರಲ್ಲಿ ಆಡಿದ್ದನ್ನ ಅದು ನೋಡೇ ಇಲ್ಲ. ಹಿಂದಿನ ಕ್ಯಾಪ್ಟನ್ ದಾರಿಯೊ ಸ್ರ್ನಾ, ಕ್ರೊಯೇಷಿಯಾದವರು, ಯುದ್ಧ ಶುರುವಾದ ಹೊಸತರಲ್ಲಿ ಡೊನ್‌ಬಾಸ್‌ನ ಶಾಲೆಗಳಿಗೆ ತಮ್ಮೂರಿಂದ 20 ಟನ್ ಮ್ಯಾಂಡರಿನ್ ಕಿತ್ತಳೆ ಕಳಿಸಿದ್ದರು. ಈಗ ಅಷ್ಟು ಮಾಡೋಕೂ ದಾರಿ ಇಲ್ಲ.

ಗೆಲ್ಸೆನ್‌ಕಿರ್ಶೆನ್ ಕೂಡ ಕಲ್ಲಿದ್ದಲಿನ ಊರೇ. ಅಲ್ಲಿನ ಶಾಲ್ಕೆ ಕ್ಲಬ್ಬಿನ ಅಡ್ಡಹೆಸರೂ 'ಗಣಿಯವರು' ಅಂತ, ಆಟಗಾರರು ಮೈದಾನಕ್ಕೆ ಬರುವ ದಾರಿಯನ್ನೂ ಗಣಿಯ ಸುರಂಗದ ಥರ ಮಾಡಿದ್ದಾರೆ. ಆ ವಲಯದ ಕೊನೇ ಕಲ್ಲಿದ್ದಲು ಗಣಿ 2018ರಲ್ಲಿ ಮುಚ್ಚಿತು. ಶಾಖ್ತಾರ್‌ನ ಊರಿನ ಗಣಿಗಳು ಇನ್ನೊಬ್ಬರ ಕೈಯಲ್ಲಿವೆ.

2024ರಲ್ಲಿ ಕ್ಲಬ್ ಇನ್ನೊಂದು ತಂಡ ಕಟ್ಟಿತು, ಶಾಖ್ತಾರ್ ಸ್ತಲೇವಿ ಅಂತ, ಅಂದರೆ ಉಕ್ಕಿನವರು. ಯುದ್ಧದಲ್ಲಿ ಕೈಯೋ ಕಾಲೋ ಕಳೆದುಕೊಂಡವರ ಫುಟ್‌ಬಾಲ್ ತಂಡ ಅದು. ಅಂಗಳದ ಆಟಗಾರರು ಊರುಗೋಲು ಹಿಡಿದು ಒಂಟಿ ಕಾಲಲ್ಲಿ ಓಡುತ್ತಾರೆ, ಗೋಲಿ ಒಂದೇ ಕೈಯಲ್ಲಿ ಚೆಂಡು ತಡೆಯುತ್ತಾನೆ.